ದಾವಣಗೆರೆ ವಿದ್ಯಾನಗರದ ಕೋವರ್ಕಿಂಗ್: ಮೂರು ತಿಂಗಳು ಕೂತು ನೋಡಿದ ಮೇಲೆ

ವರ್ಕ್ ಫ್ರಂ ಹೋಮ್ ಅಂದ್ರೆ ನಮ್ಮತ್ತೆ ಲೆಕ್ಕದಲ್ಲಿ ಸೊಸೆ ಮನೇಲಿ ಖಾಲಿ ಇದ್ದಾಳೆ ಅಂತ. ಮೀಟಿಂಗ್ ಮಧ್ಯೆ "ಸಿಲಿಂಡರ್ ಬಂತು ನೋಡವಾ" ಅಂತ ಕೂಗು. ಅದಕ್ಕೇ ವಿದ್ಯಾನಗರದಲ್ಲಿ ಕೋವರ್ಕಿಂಗ್, ಅಂದ್ರೆ ದುಡ್ಡು ಕಟ್ಟಿ ಯಾರು ಬೇಕಾದ್ರೂ ಕೂತು ಕೆಲಸ ಮಾಡೋ ಆಫೀಸು, ತೆಗೆದ ವಾರವೇ ತಿಂಗಳಿಗೆ 4,000 ಕಟ್ಟಿ ಸೇರಿದೆ. ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್, ಕಂಪನಿ ಬೆಂಗಳೂರಲ್ಲಿದೆ.

ಇಂಟರ್ನೆಟ್ ಬಗ್ಗೆ ಎರಡು ಮಾತಿಲ್ಲ. ಬೇರೆ ಬೇರೆ ಕಂಪನಿಯ ಎರಡು ಫೈಬರ್ ಲೈನ್, ಒಂದು ಕೈಕೊಟ್ರೆ ಇನ್ನೊಂದು ತಾನೇ ಹಿಡ್ಕೊಳ್ಳುತ್ತೆ. ಏಪ್ರಿಲ್ ಬಿಸಿಲಲ್ಲಿ ಒಂದೂವರೆ ತಾಸು ಕರೆಂಟ್ ಹೋದಾಗಲೂ ನನ್ನ ಕಾಲ್ ಕಟ್ಟಾಗಲಿಲ್ಲ.

ತಕರಾರು ಇರೋದು, ಬೆಂಗಳೂರಿನ ಬ್ರಾಂಚನ್ನೇ ಎತ್ತಿ ತಂದು ಇಲ್ಲಿಟ್ಟಿದ್ದಾರೆ ಅನ್ನೋದು. ಹಾಟ್ ಡೆಸ್ಕ್ ಅಂತೆ, ಯಾರು ಎಲ್ಲಾದರೂ ಕೂರಬಹುದಂತೆ. ನಮ್ಮೂರಲ್ಲಿ ಬಸ್ಸಿನ ಕಿಟಕೀಲಿ ಟವೆಲ್ ಎಸೆದು ಸೀಟು ಹಿಡಿಯೋ ಜನ! ಎರಡನೇ ವಾರಕ್ಕೇ ಪ್ರತಿ ಟೇಬಲ್ ಮೇಲೂ ಒಂದೊಂದು ನೀರಿನ ಬಾಟಲಿ ಕಾವಲು. ಬರೋರೂ ಸ್ಟಾರ್ಟಪ್‌ನೋರಲ್ಲ. ಸಿಎ ಆರ್ಟಿಕಲ್‌ಶಿಪ್ ಹುಡುಗರು, ಬ್ಯಾಂಕ್ ಪರೀಕ್ಷೆಗೆ ಓದೋರು, ಎಪಿಎಂಸಿ ವ್ಯಾಪಾರಿಗಳ ಜಿಎಸ್‌ಟಿ ರಿಟರ್ನ್ ಹಾಕೋ ಒಬ್ಬ ಅಣ್ಣ. ಮೆಕ್ಕೆಜೋಳದ ವ್ಯಾಪಾರದ ಬಗ್ಗೆ ಆ ಅಣ್ಣನ ಫೋನ್ ಸಂಭಾಷಣೆ ಅಮೆರಿಕದ ನನ್ನ ಕ್ಲೈಂಟ್‌ಗೂ ಕೇಳಿಸಿದೆ. "ಕ್ವಿಂಟಲ್ ಅಂದ್ರೇನು?" ಅಂತ ಕೇಳಿದ್ರು ಪಾಪ. ಇಂಥ ಕಡೆ ನಾಲ್ಕು ಫೋನ್ ಬೂತ್ ಬೇಕು, ಇರೋದು ಒಂದು. ಅದೂ ಗಾಜಿನ ಪೆಟ್ಟಿಗೆ, ಫ್ಯಾನಿಲ್ಲ. ಹತ್ತು ನಿಮಿಷಕ್ಕೆ ಇಡ್ಲಿ ಆಗ್ತೀವಿ.

ರಾತ್ರಿ ಎಂಟಕ್ಕೆ ಬಾಗಿಲು ಹಾಕ್ತಾರೆ. ನನ್ನ ಮೀಟಿಂಗ್ ಏಳೂವರೆಗೆ ಶುರು. ಒಂಬತ್ತರವರೆಗೆ ತೆಗೀರಿ ಅಂದ್ರೆ "ಬೆಂಗಳೂರಿಂದ ಅಪ್ರೂವಲ್ ಬರಬೇಕು ಮೇಡಂ" ಅಂತಾರೆ.

ಶುಕ್ರವಾರ ನೆಟ್‌ವರ್ಕಿಂಗ್ ಅಂತ ಪಿಜ್ಜಾ ತರಿಸಿದ್ರು, ಬಂದೋರು ಐದು ಜನ. ಮುಂದಿನ ವಾರ ಯಾರೋ ಒಬ್ಬರು ನಮ್ಮೂರಿನ ನರ್ಗಿಸ್ ಮಂಡಕ್ಕಿ, ಮಿರ್ಚಿ ಪೊಟ್ಟಣ ಬಿಚ್ಚಿದ್ರು ನೋಡಿ, ಇಡೀ ಹಾಲ್ ಎದ್ದು ಬಂತು! ಆ ಅಣ್ಣನೇ ನನ್ನ ತಮ್ಮನ ಅಂಗಡಿಯ ಜಿಎಸ್‌ಟಿ ನೋಡ್ಕೊಳ್ಳೋಕೆ ಒಪ್ಪಿದ್ದು ಅವತ್ತೇ. ಸೋಮವಾರ ಗೋಡೆ ಮೇಲೆ ಚೀಟಿ: ಹೊರಗಿನ ತಿಂಡಿ ತರಬಾರದು.

ಕಳೆದ ತಿಂಗಳು ನಮ್ಮ ಟೀಮ್ ಲೀಡ್ ವಂದೇ ಭಾರತ್ ಹತ್ತಿ ಬಂದಿದ್ರು. 350ರ ಡೇ ಪಾಸ್ ತಗೊಂಡು, ಬೆಣ್ಣೆ ದೋಸೆ ತಿಂದು, ಮಧ್ಯಾಹ್ನವಿಡೀ ತೂಕಡಿಸಿದ್ರು. ಅದನ್ನ ಜಾಗದ ತಪ್ಪು ಅನ್ನಲ್ಲ.

ಮುಂದಿನ ತಿಂಗಳಿಗೂ ದುಡ್ಡು ಕಟ್ಟಿದ್ದೀನಿ. ನೀವು ಬರೋದಾದ್ರೆ ಬೆಳಗ್ಗೆ ಹತ್ತರೊಳಗೆ ಬನ್ನಿ, ಬಾಟಲಿ ಮರೀಬೇಡಿ. ಕಿಟಕಿ ಪಕ್ಕದ ಟೇಬಲ್ ಮೇಲಿರೋ ಹಸಿರು ಬಾಟಲಿ ನಂದು.