ಟಿಮಕ್ಸ್: ನೆಟ್ ಹೋದರೂ ನಿಲ್ಲದ ಕೆಲಸ

ಟಿಮಕ್ಸ್ (tmux) ಎಂಬುದು ಟರ್ಮಿನಲ್, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ, ಅದರೊಳಗೆ ಓಡುವ ಒಂದು ಪ್ರೋಗ್ರಾಂ. ಅದರ ಬಗ್ಗೆ ಹೇಳುವವರು ಸಾಮಾನ್ಯವಾಗಿ ಟರ್ಮಿನಲ್ ಅನ್ನು ನಾಲ್ಕು ಭಾಗ ಮಾಡಿದ ಚಿತ್ರ ತೋರಿಸುತ್ತಾರೆ. ಒಂದು ಕಡೆ ಕೋಡ್, ಒಂದು ಕಡೆ ಲಾಗ್, ಮೂಲೆಯಲ್ಲಿ ಯಂತ್ರದ ಹೊರೆ ತೋರಿಸುವ ಎಚ್‌ಟಾಪ್. ನೋಡಲು ಚೆನ್ನಾಗಿಯೇ ಇರುತ್ತದೆ. ಹಲವು ವರ್ಷ ದಿನಾ ಬಳಸಿದ ಮೇಲೆ ನನಗೆ ಅದೆಲ್ಲ ಎರಡನೇ ಮಾತು. ನನ್ನ ಸಂಪರ್ಕ ಕಡಿದುಹೋದರೂ ನಾನು ಶುರು ಮಾಡಿದ ಕೆಲಸ ನಡೆಯುತ್ತಲೇ ಇರುತ್ತದೆ. ನಾನು ಇದನ್ನು ಬಿಡದೆ ಬಳಸುತ್ತಿರುವುದು ಅದಕ್ಕೇ.

ಮನೆ ಇರುವುದು ತುಮಕೂರಿನ ಬಟವಾಡಿಯಲ್ಲಿ. ಸರ್ವರ್ ನೋಡಿಕೊಳ್ಳುವುದು ಕೆಲಸ. ಕೆಲವು ದಿನ ರೈಲು ಹತ್ತಿ ಯಶವಂತಪುರಕ್ಕೆ ಹೋಗುತ್ತೇನೆ, ಉಳಿದ ದಿನ ಮನೆಯಿಂದಲೇ. ರೈಲಿನಲ್ಲಿ ಮೊಬೈಲ್ ಹಾಟ್‌ಸ್ಪಾಟೇ ಗತಿ. ಹಿರೇಹಳ್ಳಿ ದಾಟಿದರೆ ಸಿಗ್ನಲ್ ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ. ಮನೆಯಲ್ಲಿ ಕರೆಂಟ್ ಹೋದರೆ ಜೊತೆಗೆ ವೈಫೈ ಕೂಡ ಹೋಗುತ್ತದೆ. ಬರೀ ಎಸ್‌ಎಸ್‌ಎಚ್‌ನಲ್ಲಿ (ದೂರದ ಸರ್ವರ್‌ಗೆ ಲಾಗಿನ್ ಆಗುವ ದಾರಿ) ಡೇಟಾಬೇಸ್ ಬ್ಯಾಕಪ್ ಹಾಕಿದಾಗ ಹೀಗಾದರೆ ಏನಾಗುತ್ತದೆ ಅಂತ ಗೊತ್ತಲ್ವಾ? ಸಂಪರ್ಕ ಮುಗಿಯಿತು ಎಂದು, ನಾವು ಕೊಟ್ಟ ಆಜ್ಞೆ ಓಡಿಸುವ ಶೆಲ್‌ಗೆ ಹ್ಯಾಂಗಪ್ ಸಿಗ್ನಲ್ ಬರುತ್ತದೆ. ಶೆಲ್ ಸಾಯುತ್ತದೆ, ಅದರ ಕೆಳಗೆ ಓಡುತ್ತಿದ್ದ ಬ್ಯಾಕಪ್ ಕೂಡ ಸಾಯುತ್ತದೆ. ಮತ್ತೆ ಮೊದಲಿಂದ ಶುರು.

ಟಿಮಕ್ಸ್ ಎರಡು ತುಂಡಾಗಿ ಕೆಲಸ ಮಾಡುತ್ತದೆ. ಹಿಂದೆ ಒಂದು ಸರ್ವರ್ ಪ್ರೋಗ್ರಾಂ ಇರುತ್ತದೆ. ನಮ್ಮ ಶೆಲ್‌ಗಳೆಲ್ಲ ಅದರ ಮಕ್ಕಳು. ನಮ್ಮ ಕಣ್ಣಿಗೆ ಕಾಣುವುದು ಬರೀ ಕ್ಲೈಂಟ್, ಅಂದರೆ ಅದನ್ನು ತೋರಿಸುವ ತುಂಡು. ನೆಟ್ ಹೋದಾಗ ಸಾಯುವುದು ಆ ಕ್ಲೈಂಟ್ ಒಂದೇ. ಹಿಂದೆ ಇರುವ ಸರ್ವರ್ ಪ್ರೋಗ್ರಾಂಗೆ ಅದರಿಂದ ಏನೂ ಆಗುವುದಿಲ್ಲ. ಮತ್ತೆ ಲಾಗಿನ್ ಆಗಿ ಟಿಮಕ್ಸ್ ಅಟ್ಯಾಚ್ ಎಂದು ಕೊಟ್ಟರೆ ಸಾಕು, ಬ್ಯಾಕಪ್ ಅಷ್ಟರಲ್ಲಿ ಎಲ್ಲಿಗೆ ಬಂದಿದೆಯೋ ಅಲ್ಲಿಂದ ಕಾಣುತ್ತದೆ. ನಾವೇ ಬಿಟ್ಟು ಹೊರಡಬೇಕಾದರೆ ಕಂಟ್ರೋಲ್ ಮತ್ತು ಬಿ ಒತ್ತಿ, ಕೈ ತೆಗೆದು, ಡಿ ಒತ್ತಬೇಕು. ನಾನು ಸಂಜೆ ಮನೆಯಲ್ಲಿ ಹಾಗೆ ಬಿಟ್ಟಿದ್ದನ್ನು ಬೆಳಿಗ್ಗೆ ರೈಲಿನಲ್ಲಿ ತೆಗೆಯುತ್ತೇನೆ. ಕರ್ಸರ್ ಕೂಡ ಅದೇ ಜಾಗದಲ್ಲಿ ಇರುತ್ತದೆ.

ಈ ಉಪಾಯ ಟಿಮಕ್ಸ್‌ನದೇ ಅಲ್ಲ. ಇದೇ ಕೆಲಸ ಮಾಡುವ ಗ್ನೂ ಸ್ಕ್ರೀನ್ ಎಂಬ ಪ್ರೋಗ್ರಾಂ 1987ರಿಂದಲೇ ಇದೆ. ಟಿಮಕ್ಸ್ ಬಂದಿದ್ದು 2007ರಲ್ಲಿ, ನಿಕೊಲಾಸ್ ಮ್ಯಾರಿಯಟ್ ಬರೆದದ್ದು. ರೆಡ್ ಹ್ಯಾಟ್ ಕಂಪನಿ ತನ್ನ ಎಂಟರ್‌ಪ್ರೈಸ್ ಲಿನಕ್ಸ್‌ನ 8ನೇ ಆವೃತ್ತಿಯಲ್ಲಿ ಸ್ಕ್ರೀನ್ ಕೈಬಿಟ್ಟು ಟಿಮಕ್ಸ್ ಇಟ್ಟುಕೊಂಡಿತು. ನಾನು ನೋಡಿಕೊಳ್ಳುವ ಸರ್ವರ್‌ಗಳಲ್ಲೂ ಈಗ ಇದೇ ಇದೆ. ದುಡ್ಡು ಕೊಡಬೇಕಿಲ್ಲ, ಮೂಲ ಕೋಡ್ ಎಲ್ಲರಿಗೂ ತೆರೆದಿದೆ.

ಭಾಗ ಮಾಡುವ ವಿಷಯಕ್ಕೆ ಬಂದರೆ, ಲ್ಯಾಪ್‌ಟಾಪ್‌ನ ಸಣ್ಣ ಪರದೆಯಲ್ಲಿ ನಾನು ಎರಡಕ್ಕಿಂತ ಜಾಸ್ತಿ ಪೇನ್ (ಪರದೆಯ ಭಾಗ) ಇಡುವುದಿಲ್ಲ. ಎಡಗಡೆ ಕೆಲಸ, ಬಲಗಡೆ ಲಾಗ್. ಲಾಗ್ ಸರಿಯಾಗಿ ಓದಬೇಕು ಅನ್ನಿಸಿದಾಗ ಪ್ರಿಫಿಕ್ಸ್ (ಅದೇ ಕಂಟ್ರೋಲ್ ಮತ್ತು ಬಿ) ಒತ್ತಿ ಝೆಡ್ ಒತ್ತಿದರೆ ಅದೊಂದೇ ಪರದೆ ತುಂಬಾ ಆಗುತ್ತದೆ. ಇನ್ನೊಮ್ಮೆ ಒತ್ತಿದರೆ ಮೊದಲಿನಂತೆ. ದಿನದಲ್ಲಿ ನಾನು ಅತಿ ಹೆಚ್ಚು ಒತ್ತುವ ಕೀ ಇದೇ ಇರಬೇಕು. ಬೇರೆ ಬೇರೆ ಕೆಲಸಕ್ಕೆ ಟಿಮಕ್ಸ್‌ನಲ್ಲಿ ಬೇರೆ ಬೇರೆ ಸೆಷನ್ (ಒಂದು ಕೆಲಸದ ಪರದೆಗಳ ಗುಂಪು) ಮಾಡಿ, ಹೆಸರು ಕೊಟ್ಟುಬಿಡುತ್ತೇನೆ. ಬ್ಯಾಕಪ್‌ಗೆ ಒಂದು, ವೆಬ್‌ಸೈಟ್‌ಗೆ ಒಂದು. ಹೆಸರು ಕೊಡದೆ ಬಿಟ್ಟರೆ ಅದು 0, 1, 2 ಎಂದು ನಂಬರ್ ಹಾಕುತ್ತದೆ. ವಾರ ಕಳೆದ ಮೇಲೆ ಯಾವುದರಲ್ಲಿ ಏನಿದೆ ಅಂತ ನೆನಪಿರುವುದಿಲ್ಲ.

ತಿಪಟೂರಿನಿಂದ ಕೆಲಸ ಮಾಡುವ ಒಬ್ಬ ಹುಡುಗ ನಮ್ಮ ತಂಡದಲ್ಲಿದ್ದಾನೆ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ "ಅಣ್ಣಾ, ಒಂದ್ಸಲ ಒಳಗೆ ಬಂದು ನೋಡ್ತೀರಾ?" ಎಂದು ಫೋನ್ ಮಾಡುತ್ತಾನೆ. ಸರ್ವರ್‌ನಲ್ಲಿ ಇಬ್ಬರದೂ ಒಂದೇ ಯೂಸರ್. ಅವನ ಸೆಷನ್‌ಗೆ ನಾನೂ ಅಟ್ಯಾಚ್ ಆಗುತ್ತೇನೆ. ಅವನು ಟೈಪ್ ಮಾಡಿದ್ದು ನನಗೆ ಕಾಣುತ್ತದೆ, ನಾನು ಮಾಡಿದ್ದು ಅವನಿಗೆ. ಓಡಾಡುವುದು ಬರೀ ಅಕ್ಷರಗಳಾದ್ದರಿಂದ ನೆಟ್ ನಿಧಾನ ಇದ್ದರೂ ನಡೆಯುತ್ತದೆ. ಅದೇ ನೆಟ್‌ನಲ್ಲಿ ವಿಡಿಯೊ ಕಾಲ್ ಮಾಡಿ ಸ್ಕ್ರೀನ್ ತೋರಿಸು ಅಂದರೆ ಚಿತ್ರ ನಿಂತೇ ಹೋಗುತ್ತದೆ.

ಈಗ ಬೇಸರದ ವಿಷಯ. ಕನ್ನಡ ಸರಿಯಾಗಿ ಕಾಣುವುದಿಲ್ಲ. ಟರ್ಮಿನಲ್ ಪ್ರತಿ ಅಕ್ಷರಕ್ಕೂ ಒಂದು ಅಥವಾ ಎರಡು ಚೌಕ ಎಂದು ಲೆಕ್ಕ ಹಾಕುತ್ತದೆ. ನಮ್ಮ ಒತ್ತಕ್ಷರ, ಗುಣಿತ ಆ ಲೆಕ್ಕಕ್ಕೆ ಬಗ್ಗುವುದಿಲ್ಲ. ಟಿಮಕ್ಸ್ ಒಂದು ಅಗಲ ಅಂದುಕೊಳ್ಳುತ್ತದೆ, ಹೊರಗಿನ ಟರ್ಮಿನಲ್ ಇನ್ನೊಂದು ಅಂದುಕೊಳ್ಳುತ್ತದೆ. ಕ್ಯಾತ್ಸಂದ್ರ ಎಂಬ ಹೆಸರಿರುವ ಫೈಲ್ ತೆರೆದರೆ ಒತ್ತುಗಳು ಬಿಡಿಬಿಡಿಯಾಗಿ ಬಿದ್ದಿರುತ್ತವೆ. ಕರ್ಸರ್ ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಎರಡು ಪೇನ್ ನಡುವಿನ ಗೆರೆಯೂ ಆ ಸಾಲಿನಲ್ಲಿ ಪಕ್ಕಕ್ಕೆ ಸರಿದಿರುತ್ತದೆ. ತಪ್ಪು ಟಿಮಕ್ಸ್ ಒಂದರದೇ ಅಲ್ಲ, ಟರ್ಮಿನಲ್‌ಗಳ ಹಳೇ ಕಟ್ಟುಪಾಡಿನದು. ಆದರೂ ಕನ್ನಡದಲ್ಲಿ ಡೇಟಾ ಇಟ್ಟುಕೊಂಡು ಕೆಲಸ ಮಾಡುವವರಿಗೆ ಇದು ನಿಜವಾದ ತೊಂದರೆ. ನಾನು ಅಂಕ ಕಳೆಯುವುದು ಇಲ್ಲಿಯೇ. ಕನ್ನಡ ಫೈಲ್‌ಗಳನ್ನು ಲ್ಯಾಪ್‌ಟಾಪ್‌ಗೆ ತಂದು ಮಾಮೂಲಿ ಎಡಿಟರ್‌ನಲ್ಲಿ ತಿದ್ದಿ ವಾಪಸ್ ಕಳಿಸುತ್ತೇನೆ.

ಇನ್ನೊಂದು ಮಿತಿಯೂ ಇದೆ. ಎಲ್ಲಿ ಟಿಮಕ್ಸ್ ಓಡುತ್ತಿದೆಯೋ ಆ ಯಂತ್ರವೇ ರೀಬೂಟ್ ಆದರೆ ಸೆಷನ್ ಎಲ್ಲ ಹೋಗುತ್ತದೆ. ಟಿಮಕ್ಸ್ ರೆಸರೆಕ್ಟ್ ಎಂಬ ಪ್ಲಗಿನ್ ಇದೆ. ಅದು ಪೇನ್‌ಗಳ ಜೋಡಣೆ, ಫೋಲ್ಡರ್ ಎಲ್ಲ ವಾಪಸ್ ತರುತ್ತದೆ. ಅರ್ಧ ಓಡಿದ್ದ ಬ್ಯಾಕಪ್ ಮಾತ್ರ ಮುಂದುವರಿಯುವುದಿಲ್ಲ. ಆದ್ದರಿಂದ ಟಿಮಕ್ಸ್ ಅನ್ನು ಲ್ಯಾಪ್‌ಟಾಪ್‌ನಲ್ಲಿ ಶುರು ಮಾಡಿ ಅದರೊಳಗಿಂದ ಎಸ್‌ಎಸ್‌ಎಚ್ ಮಾಡುವುದು ಬೇಡ. ಮೊದಲು ಸರ್ವರ್‌ಗೆ ಹೋಗಿ, ಅಲ್ಲಿ ಶುರು ಮಾಡಿ. ನೆಟ್ ಹೋದಾಗ ಕಾಪಾಡುವುದು ಅದೇ.

ಮೊದಮೊದಲು ಮೌಸ್ ವೀಲ್ ತಿರುಗಿಸಿದರೆ ಹಳೇ ಸಾಲುಗಳು ಮೇಲೆ ಬರುವುದಿಲ್ಲ, ಹೊಸಬರು ಗಾಬರಿಯಾಗುತ್ತಾರೆ. ಸೆಟ್ಟಿಂಗ್ಸ್ ಫೈಲ್‌ನಲ್ಲಿ ಮೌಸ್ ಆನ್ ಮಾಡಿ. ಹಿಂದಿನ 2000 ಸಾಲು ಮಾತ್ರ ನೆನಪಿಟ್ಟುಕೊಳ್ಳುವುದು ಅದರ ಮಾಮೂಲಿ, ಅದನ್ನೂ ಏರಿಸಿಕೊಳ್ಳಿ. ನಾನು 50000 ಇಟ್ಟಿದ್ದೇನೆ. ಪೇನ್ ಜಾಸ್ತಿ ಇದ್ದರೆ ಮೆಮೊರಿ ಸ್ವಲ್ಪ ತಿನ್ನುತ್ತದೆ, ಅಷ್ಟೆ. ಈ ಎರಡು ಸಾಲು ಬಿಟ್ಟು ಮೊದಲ ತಿಂಗಳು ಬೇರೇನೂ ಮುಟ್ಟಬೇಡಿ. ಬೇರೆಯವರ ಫೈಲ್ ಇಡೀ ಎತ್ತಿ ಹಾಕಿಕೊಂಡರೆ ಕೀಗಳೆಲ್ಲ ಬದಲಾಗಿರುತ್ತವೆ. ಆಮೇಲೆ ಇನ್ನೊಂದು ಸರ್ವರ್‌ಗೆ ಹೋದಾಗ ಬೆರಳಿಗೆ ಏನೂ ಸಿಗುವುದಿಲ್ಲ.