ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಉಚಿತ ವಕೀಲರ ಸೇವೆ: 5ಕ್ಕೆ 3.5

ಇಟ್ಟಿಗೆ ಗೂಡಿನ ಜೀತದಿಂದ ಬಿಡುಗಡೆಯಾದ ರಾಯಚೂರು ಕಡೆಯ ಒಂದು ಕುಟುಂಬದ ಜೊತೆ ಈ ಕಚೇರಿಗೆ ಓಡಾಡಿದ್ದೇನೆ. ಕಚೇರಿ ಯಾವ ಜಿಲ್ಲೆಯದು ಅಂತ ಬೇಡ. ಇಂಥ ಕೇಸು ಇರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

3.5ರಲ್ಲಿ ಮುಕ್ಕಾಲು ಪಾಲು ನಮಗೆ ಸಿಕ್ಕ ವಕೀಲೆಗೆ. ಅವರು ಗಂಡ ಹೆಂಡತಿ ಇಬ್ಬರನ್ನೂ ಬೇರೆ ಬೇರೆ ಕೂರಿಸಿಕೊಂಡು ಮಾತಾಡಿಸಿದರು, ಅವಸರ ಮಾಡಲಿಲ್ಲ. ಆಗಲೇ ಆಕೆ ಬಾಯಿಬಿಟ್ಟಿದ್ದು: ಸಂತೆಗೆ ಹೋಗಬೇಕಾದರೆ ಮಗುವನ್ನು ಗೂಡಿನಲ್ಲೇ ಬಿಟ್ಟು ಹೋಗಬೇಕಿತ್ತಂತೆ, ಇಲ್ಲದಿದ್ದರೆ ಓಡಿಹೋಗ್ತಾರೆ ಅಂತ. ಇದು ಪೊಲೀಸರು ಬರೆದುಕೊಂಡ ಹೇಳಿಕೆಯಲ್ಲಿ ಇರಲೇ ಇಲ್ಲ.

ಎಫ್‌ಐಆರ್‌ನಲ್ಲಿ ಬರೀ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಹಾಕಿದ್ದರು. ಅದರಲ್ಲಿ ಶಿಕ್ಷೆ ಜಾಸ್ತಿ ಅಂದರೆ 3 ವರ್ಷ, ದಂಡ 2,000 ರೂಪಾಯಿ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 143, ಅಂದರೆ ಮಾನವ ಕಳ್ಳಸಾಗಣೆ, ಅದನ್ನೂ ಸೇರಿಸಿ ಅಂತ ವಕೀಲೆ ಪಟ್ಟು ಹಿಡಿದರು. ಅಲ್ಲಿ ಕನಿಷ್ಠವೇ 7 ವರ್ಷ. ಒಬ್ಬರಿಗಿಂತ ಜಾಸ್ತಿ ಜನರನ್ನು ಸಾಗಿಸಿದ್ದರೆ 10 ವರ್ಷದಿಂದ ಜೀವಾವಧಿವರೆಗೆ. 'ಮುಂಗಡ ಇಸ್ಕೊಂಡು ಅವರೇ ಬಂದ್ರು' ಅಂತ ಗೂಡಿನವರು ಹೇಳುತ್ತಲೇ ಇದ್ದರು. ಬಲವಂತದಿಂದಲೋ ಮೋಸದಿಂದಲೋ ಆಸೆ ತೋರಿಸಿಯೋ ಕರೆತಂದಿದ್ದರೆ ಅವರ ಒಪ್ಪಿಗೆ ಲೆಕ್ಕಕ್ಕಿಲ್ಲ, ಸೆಕ್ಷನ್‌ನಲ್ಲೇ ಹಾಗಂತ ಇದೆ. ಇಷ್ಟು ಗಟ್ಟಿ ಕಾನೂನು ಇದ್ದರೂ ಅದನ್ನು ಎಫ್‌ಐಆರ್‌ಗೆ ಹಾಕಿಸೋಕೆ ಒಬ್ಬರು ಬೆನ್ನು ಹತ್ತಬೇಕು ಅಂದರೆ ಹೊಟ್ಟೆ ಉರಿಯುತ್ತೆ. ಈ ವಕೀಲೆ ಇಲ್ಲದಿದ್ದರೆ ಯಾರು ಕೇಳುತ್ತಿದ್ದರು? ಅದೂ ಒಂದು ರೂಪಾಯಿ ಫೀಸಿಲ್ಲದೆ.

ಇನ್ನು ಅಂಕ ಕಳೆದದ್ದು ಯಾಕೆ ಅಂದರೆ, ಕೌಂಟರ್‌ನಲ್ಲಿ ಮೊದಲು ಕೇಳಿದ್ದೇ ಆದಾಯ ಪ್ರಮಾಣ ಪತ್ರ. ಉಟ್ಟ ಬಟ್ಟೆಯಲ್ಲಿ ಬಂದವರು ಅದನ್ನು ಎಲ್ಲಿಂದ ತರಬೇಕು? 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಸೆಕ್ಷನ್ 12ರಲ್ಲಿ ಮಾನವ ಕಳ್ಳಸಾಗಣೆಗೆ, ಬಿಟ್ಟಿ ದುಡಿಮೆಗೆ ಸಿಕ್ಕಿದವರಿಗೆ ಆದಾಯದ ಮಿತಿಯೇ ಇಲ್ಲ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೂ ಇಲ್ಲ. ನಿಮಗೂ ಕೇಳಿದರೆ ಸುಮ್ನೆ ವಾಪಸ್ ಬರಬೇಡಿ, ಈ ಸೆಕ್ಷನ್ ತೋರಿಸಿ.

ಪರಿಹಾರದ ಬಗ್ಗೆಯಂತೂ ನಾವಾಗಿ ಕೇಳುವ ತನಕ ಒಬ್ಬರೂ ಸೊಲ್ಲೆತ್ತಲಿಲ್ಲ. ಕರ್ನಾಟಕದಲ್ಲಿ ಎಷ್ಟೋ ವರ್ಷಗಳಿಂದಲೇ ಸಂತ್ರಸ್ತರ ಪರಿಹಾರ ಯೋಜನೆ ಇದೆ. ಆರೋಪಿ ಸಿಗದಿದ್ದರೂ, ವಿಚಾರಣೆ ನಡೆಯದಿದ್ದರೂ ಇದೇ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು, 2 ತಿಂಗಳಲ್ಲಿ ಅವರು ವಿಚಾರಿಸಿ ಮುಗಿಸಬೇಕು ಅಂತ ಕಾನೂನು. ನಮ್ಮ ಅರ್ಜಿಗೆ ಅದಕ್ಕಿಂತ ಜಾಸ್ತಿ ಹಿಡಿಯುತ್ತಿದೆ. ಆ ಮನೆಯವರು ಈಗ ಊರಲ್ಲಿ ಕೂಲಿಗೆ ಹೋಗುತ್ತಿದ್ದಾರೆ, ಆ ದುಡ್ಡು ಅವರಿಗೆ ಈಗಲೇ ಬೇಕು, ಅಲ್ವಾ?

ಹೋಗುವವರು ಮೊದಲು 15100ಕ್ಕೆ ಫೋನ್ ಮಾಡಿ, ಕಾನೂನು ನೆರವಿನ ಸಹಾಯವಾಣಿ ಅದು. ಉಪವಿಭಾಗಾಧಿಕಾರಿ ಕೊಟ್ಟ ಬಿಡುಗಡೆ ಪತ್ರ, ಎಫ್‌ಐಆರ್ ಎರಡರದ್ದೂ ಜೆರಾಕ್ಸ್ ಇಟ್ಟುಕೊಳ್ಳಿ. ಪರಿಹಾರದ ಅರ್ಜಿಯನ್ನು ಮೊದಲ ದಿನವೇ ಕೊಟ್ಟು, ಸ್ವೀಕೃತಿ ಕೈಗೆ ತಗೊಂಡೇ ಬನ್ನಿ.