ಪಿಗ್ಮಿ, ಆರ್‌ಡಿ, ಚೀಟಿ, ಚಿನ್ನ: ಒಂದು ಟೈಲರ್ ಅಂಗಡಿಯ ಲೆಕ್ಕ

ಉಡುಪಿಯಲ್ಲಿ ಪಿಗ್ಮಿ, ಅಂದರೆ ದಿನಾ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುವ ಸಣ್ಣ ಉಳಿತಾಯ, ಕಟ್ಟದ ಅಂಗಡಿ ಸಿಗುವುದು ಕಷ್ಟ. ಹೂವಿನವರು, ಮೀನಿನವರು, ಸೆಲೂನಿನವರು, ನಮ್ಮಂಥ ಟೈಲರುಗಳು, ಎಲ್ಲರ ಹತ್ತಿರವೂ ಯಾವುದಾದರೊಂದು ಸೊಸೈಟಿಯ ಪಿಗ್ಮಿ ಪುಸ್ತಕ ಉಂಟು. ಬಡ್ಡಿ ಎಷ್ಟು ಕೊಡ್ತಾರೆ ಎಂದು ಕೇಳಿ ನೋಡಿ, ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಮಣಿಪಾಲದಲ್ಲಿ ಓದುತ್ತಿರುವ ನನ್ನ ತಂಗಿಯ ಮಗನಿಗೆ ಇದು ದೊಡ್ಡ ತಮಾಷೆ. "ದೊಡ್ಡಮ್ಮ, ಇಷ್ಟು ಕಡಿಮೆ ಬಡ್ಡಿಗೆ ಯಾರಾದರೂ ದುಡ್ಡು ಇಡ್ತಾರಾ?" ಎನ್ನುತ್ತಾನೆ. ಅವನ ಪ್ರಶ್ನೆ ತಪ್ಪಲ್ಲ. ಉತ್ತರ ಮಾತ್ರ ಅವನು ಅಂದುಕೊಂಡಷ್ಟು ಸುಲಭವಿಲ್ಲ.

ನಮ್ಮ ಮನೆಗೆ ಎರಡು ಥರದ ದುಡ್ಡು ಬರುತ್ತದೆ. ನಮ್ಮವರಿಗೆ ತಿಂಗಳ ಸಂಬಳ, ಒಂದನೇ ತಾರೀಕಿಗೆ ಖಾತೆಗೆ ಬಿದ್ದಿರುತ್ತದೆ. ನನ್ನದು ದಿನದ ದುಡಿಮೆ: ಬ್ಲೌಸು, ಚೂಡಿದಾರ, ಸೀರೆಗೆ ಫಾಲ್ಸ್, ಪಿಕೊ. ಏಪ್ರಿಲ್, ಮೇ ಮದುವೆ ಸೀಸನ್ನಿನಲ್ಲಿ ಊಟಕ್ಕೆ ಪುರುಸೊತ್ತಿಲ್ಲ. ಅದರ ಬೆನ್ನಿಗೇ ಶಾಲೆಯ ಯೂನಿಫಾರ್ಮ್. ಆಮೇಲೆ ಆಟಿ ತಿಂಗಳು, ಅಂದರೆ ತುಳುನಾಡಿನ ಆಷಾಢ, ಬಂತೆಂದರೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಮಳೆಗೆ ಜನ ಪೇಟೆಗೇ ಇಳಿಯುವುದಿಲ್ಲ. ಮತ್ತೆ ಮಿಷನ್ ಸರಿಯಾಗಿ ಓಡಬೇಕಾದರೆ ಅಷ್ಟಮಿ, ಚೌತಿ ಬರಬೇಕು. ಈ ಎರಡು ಥರದ ದುಡ್ಡಿನಿಂದ ಪಿಗ್ಮಿ, ಬ್ಯಾಂಕ್ ಆರ್‌ಡಿ (ತಿಂಗಳಿಗೆ ಇಷ್ಟೆಂದು ಕಟ್ಟುವ ಠೇವಣಿ), ಅಂಚೆ ಆರ್‌ಡಿ, ಚಿಟ್ ಫಂಡ್, ಚಿನ್ನದ ಸ್ಕೀಮು, ಮನಿಬ್ಯಾಕ್ ಪಾಲಿಸಿ ಎಲ್ಲವನ್ನೂ ಬೇರೆ ಬೇರೆ ಕಾಲದಲ್ಲಿ ಕಟ್ಟಿ ನೋಡಿದ್ದೇವೆ. ಒಬ್ಬರಿಗೆ ಸರಿಯಾದದ್ದು ಇನ್ನೊಬ್ಬರಿಗೆ ಆಗಲಿಲ್ಲ.

ಮೊದಲು ಪಿಗ್ಮಿ. ಇದು ನಮ್ಮೂರಿನದೇ ಸರಕು. 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂದು ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತಲ್ಲ, ಅದು 1928ರಲ್ಲಿ ಈ ಯೋಜನೆ ತಂದದ್ದು. ಡಾ. ಟಿ.ಎಂ.ಎ. ಪೈ ಮತ್ತು ಅವರ ಜೊತೆಯವರು ಕೈಮಗ್ಗದ ನೇಕಾರರ ಕಷ್ಟ ನೋಡಿ ಕಟ್ಟಿದ ಬ್ಯಾಂಕು ಅದು. ದಿನಕ್ಕೆ ಎರಡಾಣೆ ಕೊಟ್ಟರೂ ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. 2020ರ ಏಪ್ರಿಲ್ 1ಕ್ಕೆ ಆ ಬ್ಯಾಂಕು ಕೆನರಾ ಬ್ಯಾಂಕಿನೊಳಗೆ ಸೇರಿತು. ಅದೇ ದಿನ ಉಡುಪಿಯದ್ದೇ ಆದ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಸೇರಿತು. ಪಿಗ್ಮಿ ಎಂಬ ಹೆಸರು ಮಾತ್ರ ಎಲ್ಲ ಸೊಸೈಟಿಗಳಿಗೂ ಹರಡಿ ಉಳಿದುಕೊಂಡಿದೆ.

ನಾನು ಕಟ್ಟುವ ಸೊಸೈಟಿಯಲ್ಲಿ ಒಂದು ವರ್ಷದ ಪಿಗ್ಮಿಗೆ ಶೇ. 4 ಬಡ್ಡಿ. ದಿನಕ್ಕೆ ನೂರರಂತೆ, ರಜೆ ಕಳೆದು ವರ್ಷಕ್ಕೆ ಮೂವತ್ತು ಸಾವಿರ ಆಗುತ್ತದೆ ಎಂದಿಟ್ಟುಕೊಳ್ಳಿ. ದುಡ್ಡು ಸ್ವಲ್ಪ ಸ್ವಲ್ಪವಾಗಿ ಸೇರುವುದರಿಂದ ಬಡ್ಡಿ ಬರುವುದು ಸುಮಾರು ಅದರ ಅರ್ಧಕ್ಕೆ, ಅಂದರೆ ಆರು ನೂರು ರೂಪಾಯಿ. ಅದೇ ಮೂವತ್ತು ಸಾವಿರವನ್ನು ತಿಂಗಳಿಗೆ ಎರಡೂವರೆ ಸಾವಿರದಂತೆ ಶೇ. 6.7ರ ಆರ್‌ಡಿಗೆ ಹಾಕಿದ್ದರೆ ಹತ್ತಿರ ಹತ್ತಿರ ಸಾವಿರದ ನೂರು. ವ್ಯತ್ಯಾಸ ವರ್ಷಕ್ಕೆ ಐನೂರು ರೂಪಾಯಿ. ಒಂದು ಲೈನಿಂಗ್ ಬ್ಲೌಸಿನ ಹೊಲಿಗೆ ಮಜೂರಿ!

ಹುಡುಗ ನೋಡುವುದು ಶೇಕಡಾವನ್ನು, ನಾನು ನೋಡುವುದು ಆ ಬ್ಲೌಸನ್ನು. ಆ ಐನೂರಕ್ಕೆ ನನಗೆ ಸಿಗುವುದೇನು? ದಿನಾ ಸಂಜೆ ಒಬ್ಬರು ಅಂಗಡಿಗೆ ಬಂದು, "ಅಕ್ಕ, ಇವತ್ತು ಎಷ್ಟು?" ಎಂದು ಕೇಳುತ್ತಾರೆ. ಇದ್ದರೆ ಇನ್ನೂರು, ಇಲ್ಲದಿದ್ದರೆ ಐವತ್ತು, ಏನೂ ಇಲ್ಲದಿದ್ದರೆ "ನಾಳೆ ಬನ್ನಿ ಮಾರಾಯ್ರೇ". ದಂಡ ಇಲ್ಲ, ನೋಟಿಸು ಇಲ್ಲ. ಗಲ್ಲಾಪೆಟ್ಟಿಗೆಯಲ್ಲೇ ಇದ್ದರೆ ಆ ನೂರು ರೂಪಾಯಿ ಸಂಜೆಯ ಬನ್ಸಿಗೋ, ಬಾಗಿಲಿಗೆ ಬಂದ ಬೂತಾಯಿ ಮೀನಿಗೋ ಹೋಗಿಯೇ ಹೋಗುತ್ತದೆ. ಪಿಗ್ಮಿಯವರ ಕಮಿಷನ್ ಹುಟ್ಟುವುದೂ ನಮ್ಮ ಬಡ್ಡಿಯಲ್ಲಿ ಕಡಿಮೆಯಾದ ಆ ಭಾಗದಿಂದಲೇ. ಬಿಸಿಲು, ಮಳೆ ಎನ್ನದೆ ಅಂಗಡಿ ಅಂಗಡಿ ಸುತ್ತುವ ಕೆಲಸಕ್ಕೆ ಅದು ಹೆಚ್ಚೇನಲ್ಲ.

ಹಾಗಂತ ದುಡ್ಡನ್ನು ಪಿಗ್ಮಿಯಲ್ಲೇ ವರ್ಷಗಟ್ಟಲೆ ಮುಂದುವರಿಸುವವರನ್ನು ಕಂಡರೆ ನನಗೆ ಸಮಾಧಾನ ಆಗುವುದಿಲ್ಲ. ಕಾರಣ ಬಡ್ಡಿಯಲ್ಲ, ವಿಮೆ. ಆರ್‌ಬಿಐ ಲೈಸೆನ್ಸ್ ಇರುವ ಬ್ಯಾಂಕು, ಅದು ಸಹಕಾರಿ ಬ್ಯಾಂಕೇ ಆಗಿರಲಿ, ಮುಳುಗಿದರೆ ಒಬ್ಬ ಠೇವಣಿದಾರರಿಗೆ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ಠೇವಣಿ ವಿಮೆ ಉಂಟು. 2020ರ ಫೆಬ್ರವರಿಗೆ ಮುಂಚೆ ಇದು ಒಂದೇ ಲಕ್ಷ ಇತ್ತು. ಪತ್ತಿನ ಸಹಕಾರಿ ಸಂಘ, ಸೌಹಾರ್ದ ಸಹಕಾರಿ, ಅಂದರೆ ನಾವು ಸೊಸೈಟಿ ಎಂದು ಕರೆಯುವ ಯಾವುದಕ್ಕೂ ಈ ವಿಮೆ ಇಲ್ಲ. ನಮ್ಮ ಸೊಸೈಟಿಯವರು ಒಳ್ಳೆಯವರೇ, ಮಹಾಸಭೆಯಲ್ಲಿ ಲೆಕ್ಕ ಓದುತ್ತಾರೆ, ಡಿವಿಡೆಂಡೂ ಕೊಡುತ್ತಾರೆ. ಆದರೂ ಒಂದು ವರ್ಷದ ದುಡ್ಡಿಗಿಂತ ಹೆಚ್ಚು ಅಲ್ಲಿ ಇಡುವುದಿಲ್ಲ. ನನ್ನ ಪಿಗ್ಮಿ ಜೂನ್ ಕೊನೆಗೆ ಮುಗಿಯುವ ಹಾಗೆ ಇಟ್ಟುಕೊಂಡಿದ್ದೇನೆ. ಆಟಿಯ ಬಾಡಿಗೆ, ಕರೆಂಟ್ ಬಿಲ್ಲಿಗೆ ಬೇಕಾದಷ್ಟು ಕೈಗೆ, ಉಳಿದದ್ದು ಬ್ಯಾಂಕಿನ ಎಫ್‌ಡಿಗೆ. ಇನ್ನೊಂದು ಮಾತು: ಅವಧಿಗೆ ಮುಂಚೆ ಮುರಿಸಿದರೆ ಎಷ್ಟು ಕಡಿತ ಮಾಡುತ್ತಾರೆ ಎಂದು ಪುಸ್ತಕ ತೆಗೆಯುವ ದಿನವೇ ಕೇಳಿಬಿಡಿ. ಸೊಸೈಟಿಯಿಂದ ಸೊಸೈಟಿಗೆ ಅದು ಬೇರೆ.

ಬ್ಯಾಂಕ್ ಆರ್‌ಡಿ ನಮ್ಮವರಿಗೆ ಹೇಳಿ ಮಾಡಿಸಿದ್ದು. ಸಂಬಳದ ಮರುದಿನ ತಾನಾಗಿ ಕಡಿತವಾಗುತ್ತದೆ, ಅವರಿಗೆ ಅದರ ನೆನಪೂ ಇರುವುದಿಲ್ಲ. ನನಗೆ ಅದು ಆಗಲಿಲ್ಲ. ಆಟಿಯಲ್ಲಿ ಖಾತೆಯಲ್ಲಿ ದುಡ್ಡಿಲ್ಲದೆ ಕಂತು ತಪ್ಪುತ್ತದೆ, ಅದಕ್ಕೆ ದಂಡ, ದಂಡ ಬಿತ್ತೆಂದು ಒಂದು ಮೆಸೇಜು. ಮೇ ತಿಂಗಳಲ್ಲಿ ಕೈತುಂಬ ಇದ್ದರೂ ಕಂತಿಗಿಂತ ಹೆಚ್ಚು ಅದಕ್ಕೆ ಹಾಕಲು ಆಗಲಿಲ್ಲ.

ನನ್ನ ಮಟ್ಟಿಗೆ ಅದಕ್ಕಿಂತ ಚೆನ್ನಾಗಿ ಒದಗಿದ್ದು ಅಂಚೆ ಆರ್‌ಡಿ. ಐದು ವರ್ಷದ ಅವಧಿ, ತಿಂಗಳಿಗೆ ಕನಿಷ್ಠ ನೂರು ರೂಪಾಯಿ. ನಾನು ತೆರೆದಾಗ ಸಿಕ್ಕಿದ ದರ ಶೇ. 6.7. ತೆರೆದ ದಿನದ ದರವೇ ಕೊನೆಯವರೆಗೆ. ತಿಂಗಳಿಗೆ ಸಾವಿರದಂತೆ ಅರವತ್ತು ತಿಂಗಳು ಕಟ್ಟಿದ ಅರವತ್ತು ಸಾವಿರಕ್ಕೆ ಕೊನೆಗೆ ಸಿಗುವುದು ಸುಮಾರು 71,366. ಕಂತು ತಪ್ಪಿದರೆ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ದಂಡ. ಆದರೆ ನನಗೆ ಮುಖ್ಯವಾದದ್ದು ಬೇರೆ: ಮುಂಗಡ ಕಟ್ಟಬಹುದು. ಮದುವೆ ಸೀಸನ್ ಮುಗಿಯುವ ಹೊತ್ತಿಗೆ ಆರು ತಿಂಗಳ ಕಂತು ಒಟ್ಟಿಗೆ ಕಟ್ಟಿಬಿಟ್ಟರೆ ಆಟಿಯ ತಲೆಬಿಸಿ ಇಲ್ಲ, ಮೇಲಿಂದ ಒಂದು ಸಣ್ಣ ರಿಯಾಯಿತಿಯೂ ಉಂಟು. ಅಂಚೆ ಕಚೇರಿಗೆ ಹೋಗಲು ಆಗದಿದ್ದರೆ ಮಹಿಳಾ ಏಜೆಂಟರು ಮನೆಗೇ ಬರುತ್ತಾರೆ, ಅವರ ಕಮಿಷನ್ ಸರ್ಕಾರ ಕೊಡುತ್ತದೆ, ನಮ್ಮ ಬಡ್ಡಿಯಿಂದ ಕಳೆಯುವುದಿಲ್ಲ. ಇದರ ದೋಷವೆಂದರೆ ಹಟ. ಮೂರು ವರ್ಷ ಆಗುವವರೆಗೆ ಮುರಿಸಲು ಬಿಡುವುದಿಲ್ಲ, ಆಮೇಲೆ ಮುರಿಸಿದರೂ ಉಳಿತಾಯ ಖಾತೆಯ ಬಡ್ಡಿ ಮಾತ್ರ. ಹನ್ನೆರಡು ಕಂತು ಕಟ್ಟಿದ ಮೇಲೆ ಅರ್ಧದಷ್ಟು ಸಾಲ ಸಿಗುತ್ತದೆ. ದುಡ್ಡು ಕೈಗೆ ಸಿಕ್ಕಿದರೆ ಖರ್ಚಾಗುವವರಿಗೆ ಈ ಹಟವೇ ಒಳ್ಳೆಯದು ಎಂದು ನಮ್ಮ ಅತ್ತೆ ಹೇಳುತ್ತಾರೆ. ನನ್ನನ್ನು ನೋಡಿಯೇ ಹೇಳುವುದು ಇರಬೇಕು.

ಈಗ ಒಂದು ಹೊಸ ಸಂಗತಿ. ಅಂಗಡಿಯಲ್ಲಿ ಕ್ಯೂಆರ್ ಅಂಟಿಸಿದ ಮೇಲೆ ಪಿಗ್ಮಿ ಕಷ್ಟವಾಗುತ್ತಿದೆ. ಸಂಜೆ ಪಿಗ್ಮಿಯವರು ಬಂದಾಗ ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆ ಬಿಟ್ಟರೆ ಏನೂ ಇರುವುದಿಲ್ಲ, ದುಡಿದದ್ದೆಲ್ಲ ಫೋನಿನಲ್ಲಿ. ಫೋನಿನಲ್ಲಿರುವ ದುಡ್ಡಿಗೆ ಕಾಲು ಜಾಸ್ತಿ. ನಾನು ಮಾಡಿದ್ದಿಷ್ಟೇ: ಕ್ಯೂಆರ್‌ಗೆ ಬೇರೆಯೇ ಒಂದು ಉಳಿತಾಯ ಖಾತೆ ಜೋಡಿಸಿದೆ, ಅದಕ್ಕೆ ಎಟಿಎಂ ಕಾರ್ಡ್ ತೆಗೆಯಲಿಲ್ಲ, ಮನೆ ಸಾಮಾನಿಗೆ ಅದರಿಂದ ಕೊಡುವುದಿಲ್ಲ. ದೊಡ್ಡ ಬ್ಯಾಂಕುಗಳ ಉಳಿತಾಯ ಖಾತೆಗೆ ಈಗ ಬಡ್ಡಿ ಶೇ. 2.5ರ ಆಸುಪಾಸು, ಪಿಗ್ಮಿಗಿಂತಲೂ ಕಡಿಮೆ. ಹಾಗಾಗಿ ತಿಂಗಳ ಕೊನೆಗೆ ಅಂಚೆಗೋ ಎಫ್‌ಡಿಗೋ ಎತ್ತಿ ಹಾಕಬೇಕು. ಖರ್ಚಿನ ಲೆಕ್ಕಕ್ಕೆ ನಮ್ಮವರು ಒಂದು ಆ್ಯಪ್ ಹಾಕಿಕೊಟ್ಟಿದ್ದರು. ನೂಲು, ಹುಕ್ಸ್, ಕ್ಯಾನ್ವಾಸ್ ಎಂದು ಒಂದೊಂದಾಗಿ ಒತ್ತುತ್ತಾ ಕೂರಲು ನನಗೆ ತಾಳ್ಮೆ ಇಲ್ಲ. ಅಳತೆ ಪುಸ್ತಕದ ಹಿಂದಿನ ಹಾಳೆಯೇ ಸಾಕು.

ಚಿಟ್ ಫಂಡಿನ ಬಗ್ಗೆ ಎರಡೂ ಅತಿಯ ಮಾತು ಕೇಳುತ್ತೇವೆ, ಕೋಟಿ ಬಂತು ಅಥವಾ ಮುಳುಗಿತು. ನೋಂದಾಯಿತ ಚಿಟ್ಟಿನಲ್ಲಿ ಕೂತು ನೋಡಿದವಳಾಗಿ ಲೆಕ್ಕ ಹೇಳುತ್ತೇನೆ. ಇಪ್ಪತ್ತು ಜನ, ತಿಂಗಳಿಗೆ ಐದು ಸಾವಿರ, ಒಂದು ಲಕ್ಷದ ಚೀಟಿ ಎಂದುಕೊಳ್ಳಿ. ತಿಂಗಳಿಗೊಮ್ಮೆ ಹರಾಜು, ಹೆಚ್ಚು ಬಿಟ್ಟುಕೊಡುವವರಿಗೆ ಆ ತಿಂಗಳ ದುಡ್ಡು. ಈ ತಿಂಗಳು ಒಬ್ಬರು ಅವಸರಕ್ಕೆ ಇಪ್ಪತ್ತು ಸಾವಿರ ಬಿಟ್ಟು ಎಂಬತ್ತಕ್ಕೆ ಎತ್ತಿದರು. ಆ ಇಪ್ಪತ್ತರಲ್ಲಿ ಕಂಪನಿಯ ಕಮಿಷನ್ ಐದು ಸಾವಿರ ಹೋಗಿ ಉಳಿದ ಹದಿನೈದು ಇಪ್ಪತ್ತು ಜನರಿಗೆ ಹಂಚಿಕೆ, ತಲಾ ಏಳುನೂರ ಐವತ್ತು. ಆ ತಿಂಗಳು ನೀವು ಕಟ್ಟುವುದು 4,250. ಎಲ್ಲ ತಿಂಗಳೂ ಬಿಡ್ಡು ಇಷ್ಟು ಏರುವುದಿಲ್ಲ. ಸರಾಸರಿ ಐನೂರು ಹಂಚಿಕೆ ಬಂದು, ಕೊನೆಯ ಚೀಟಿ ನಿಮ್ಮದಾದರೆ ತೊಂಬತ್ತು ಸಾವಿರ ಕಟ್ಟಿ ತೊಂಬತ್ತೈದು ತೆಗೆದುಕೊಂಡಂತೆ. ಅದನ್ನು ವರ್ಷದ ಬಡ್ಡಿಗೆ ತಿರುಗಿಸಿ ನೋಡಿದರೆ ಮತ್ತೆ ಅದೇ ಶೇ. 6.7ರ ಹತ್ತಿರ. ಇಷ್ಟಕ್ಕೆ ಅಂಚೆ ಕಚೇರಿಯೇ ಸಾಕಲ್ಲ!

ಚೀಟಿಯ ನಿಜವಾದ ಉಪಯೋಗ ಎತ್ತುವವರಿಗೆ. ಹೊಸ ಓವರ್‌ಲಾಕ್ ಮಿಷನ್ ತೆಗೆಯಬೇಕು, ಬ್ಯಾಂಕು ಸಂಬಳದ ಸ್ಲಿಪ್ ಕೇಳುತ್ತದೆ, ನನ್ನ ಹತ್ತಿರ ಸ್ಲಿಪ್ ಇಲ್ಲ. ಆಗ ನಡುವೆ ಒಂದು ಚೀಟಿ ಎತ್ತಿದರೆ ಕೆಲಸ ಆಗುತ್ತದೆ, ಜಾಮೀನು ಮಾತ್ರ ಕೊಡಬೇಕು. 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ಚೀಟಿ ನಡೆಸುವವರು ಮುಂಚಿತವಾಗಿ ಅನುಮತಿ ಪಡೆದು ಭದ್ರತಾ ಠೇವಣಿ ಇಡಬೇಕು, ಕಮಿಷನ್ ಮಿತಿ 2019ರ ತಿದ್ದುಪಡಿಯಿಂದ ಶೇ. 5ರಿಂದ 7ಕ್ಕೆ ಏರಿದೆ. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಕೇರಿಯಲ್ಲಿ ವಾಟ್ಸಾಪ್ ಗ್ರೂಪು ಮಾಡಿ ನಡೆಸುವ ಚೀಟಿಗೆ ಈ ಯಾವ ಬೇಲಿಯೂ ಇಲ್ಲ. ಅದರಲ್ಲಿ ಸೇರುವುದೂ ಕಷ್ಟ, ನೆರೆಮನೆಯವರಿಗೆ ಸೇರುವುದಿಲ್ಲ ಎನ್ನುವುದು ಅದಕ್ಕಿಂತ ಕಷ್ಟ.

ಚಿನ್ನದ ಸ್ಕೀಮಿಗೆ ಹೆಚ್ಚು ಹೇಳುವುದಿಲ್ಲ. ಹೆಚ್ಚಾಗಿ ಹನ್ನೊಂದು ತಿಂಗಳೇ ಇರುವುದು ಯಾಕೆಂದರೆ, ಮುಂಗಡ ತೆಗೆದುಕೊಂಡು 365 ದಿನದೊಳಗೆ ಸರಕು ಕೊಡದಿದ್ದರೆ ಕಂಪನಿ ಕಾನೂನಿನಲ್ಲಿ ಅದು ಠೇವಣಿ ಆಗಿಬಿಡುತ್ತದೆ. ಅಂದರೆ ನೀವು ಕಟ್ಟಿದ್ದು ಆಭರಣದ ಮುಂಗಡವೇ ಹೊರತು ಉಳಿತಾಯ ಅಲ್ಲ, ಅಂಗಡಿ ಮುಚ್ಚಿದರೆ ಠೇವಣಿ ವಿಮೆಯೂ ಇಲ್ಲ. ನಾನು ಸೇರಿದ್ದಲ್ಲಿ ಕೊನೆಗೆ ದುಡ್ಡು ವಾಪಸ್ ಕೊಡುವ ಮಾತಿಲ್ಲ, ನಾಣ್ಯವೂ ಇಲ್ಲ, ಆಭರಣವನ್ನೇ ತೆಗೆಯಬೇಕು. ಮನೆಯಲ್ಲಿ ಮದುವೆ ನಿಶ್ಚಯವಾಗಿದ್ದರೆ ಕಟ್ಟಿ. ಇಲ್ಲವಾದರೆ ಬೇಡ.

ವಿಮೆಯ ವಿಷಯಕ್ಕೆ ನಮ್ಮ ಮನೆಯಲ್ಲಿ ಚರ್ಚೆ ಇನ್ನೂ ಮುಗಿದಿಲ್ಲ. ನಮ್ಮವರಿಗೆ ಮದುವೆಗೆ ಮುಂಚೆಯೇ ತೆಗೆದ ಮನಿಬ್ಯಾಕ್ ಪಾಲಿಸಿ ಉಂಟು. ನಡುನಡುವೆ ದುಡ್ಡು ಬರುತ್ತದೆ, ಅತ್ತೆಗೆ ಅದೇ ಖುಷಿ. ಆಮೇಲೆ ತೆಗೆದ ಟರ್ಮ್ ಪಾಲಿಸಿಯ ಬಗ್ಗೆ ಅವರ ಆಕ್ಷೇಪ ಒಂದೇ: "ಬದುಕಿದ್ದರೆ ಒಂದು ರೂಪಾಯಿಯೂ ವಾಪಸ್ ಇಲ್ವಂತಲ್ಲ." ನಾನು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಮನಿಬ್ಯಾಕ್‌ನ ಕಂತು ದೊಡ್ಡದು, ಮನುಷ್ಯ ಹೋದರೆ ಸಿಗುವ ಮೊತ್ತ ಮನೆ ಸಾಲ ತೀರಿಸಲೂ ಸಾಲದು. ಟರ್ಮ್‌ನ ಕಂತು ಅದಕ್ಕಿಂತ ಎಷ್ಟೋ ಚಿಕ್ಕದು, ಮೊತ್ತ ಎಷ್ಟೋ ಪಟ್ಟು. ಹಳೆಯದನ್ನು ನಿಲ್ಲಿಸಲಿಲ್ಲ, ಅರ್ಧದಲ್ಲಿ ಸರೆಂಡರ್ ಮಾಡಿದರೆ ನಷ್ಟವೇ. ಹೊಸದಾಗಿ ತೆಗೆಯುವವರು ಮಾತ್ರ ಉಳಿತಾಯವನ್ನು ಅಂಚೆಗೆ, ವಿಮೆಯನ್ನು ಟರ್ಮ್‌ಗೆ ಎಂದು ಬೇರೆ ಮಾಡುವುದು ಲೇಸು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆ ಕಂತಿನ ಮೇಲೆ ಜಿಎಸ್‌ಟಿಯೂ ಇಲ್ಲ.

ಟರ್ಮ್ ಪಾಲಿಸಿಗೆ ಆದಾಯದ ದಾಖಲೆ ಕೇಳುತ್ತಾರೆ, ನನ್ನಂಥವರಿಗೆ ಅದೇ ತೊಡಕು. ನಾನು ಸದ್ಯಕ್ಕೆ ನಿಂತಿರುವುದು ಬ್ಯಾಂಕಿನ ಎರಡು ಸರ್ಕಾರಿ ವಿಮೆಗಳ ಮೇಲೆ. ಪ್ರಧಾನಮಂತ್ರಿ ಜೀವನ ಜ್ಯೋತಿಗೆ ವರ್ಷಕ್ಕೆ 436 ರೂಪಾಯಿ, ಯಾವ ಕಾರಣದಿಂದ ತೀರಿಕೊಂಡರೂ 2 ಲಕ್ಷ. ಹೊಸದಾಗಿ ಸೇರಿದ ಮೊದಲ ಮೂವತ್ತು ದಿನ ಮಾತ್ರ ಅಪಘಾತಕ್ಕಷ್ಟೇ. ಸೇರಲು ವಯಸ್ಸು 18ರಿಂದ 50. ಸುರಕ್ಷಾ ಬಿಮಾಕ್ಕೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ತೀರಿಕೊಂಡರೆ 2 ಲಕ್ಷ. ಒಬ್ಬರಿಗೆ ಒಂದೊಂದೇ, ನಾಲ್ಕು ಬ್ಯಾಂಕಿನಲ್ಲಿ ಖಾತೆ ಇದ್ದರೂ ನಾಲ್ಕು ಸಿಗುವುದಿಲ್ಲ. ಆಸ್ಪತ್ರೆ ಖರ್ಚಿಗೆ ಸೊಸೈಟಿ ಸದಸ್ಯತ್ವದಿಂದ ಒಂದು ಲಾಭ ಉಂಟು, ರಾಜ್ಯ ಸರ್ಕಾರದ ಯಶಸ್ವಿನಿ ಆರೋಗ್ಯ ಯೋಜನೆ. ಹಳ್ಳಿಯ ಸಹಕಾರಿ ಸಂಘದ ಸದಸ್ಯರಾದರೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದವರೆಗಿನ ಚಿಕಿತ್ಸೆ, ಪಟ್ಟಿಯಲ್ಲಿರುವ ಕಾಯಿಲೆಗಳಿಗೆ, ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ. ನೋಂದಣಿ ವರ್ಷವಿಡೀ ಇರುವುದಿಲ್ಲ, ಸೊಸೈಟಿಯ ಬೋರ್ಡಿನ ಮೇಲೆ ಒಂದು ಕಣ್ಣು ಇಡಬೇಕು.

ಬ್ಯಾಂಕಿನ ಆ ಎರಡು ವಿಮೆಗಳ ವರ್ಷ ಜೂನ್ 1ರಿಂದ ಮೇ 31ರವರೆಗೆ. ಮೇ ಕೊನೆಯ ವಾರದಲ್ಲಿ ಖಾತೆಯಲ್ಲಿ 456 ರೂಪಾಯಿ ಇದ್ದರೆ ತಾನಾಗಿ ಕಡಿತವಾಗುತ್ತದೆ, ಇಲ್ಲದಿದ್ದರೆ ವಿಮೆ ತಪ್ಪಿತು. ನನಗದು ಮದುವೆ ಸೀಸನ್, ಯೋಚನೆ ಇಲ್ಲ. ನಮ್ಮವರಿಗೆ ಸಂಬಳ ಕರಗಿದ ತಿಂಗಳ ಕೊನೆ. ಆ ವಾರ ಅವರ ಖಾತೆಗೆ ಐನೂರು ಕಳಿಸುವುದು ನನ್ನ ಕೆಲಸ.